ಹಜಾರದಲ್ಲಿ ಚೆಂಡಾಡುವ ನಮ್ಮಕ್ಕನ ಮಗ

ನಮ್ಮಕ್ಕನ ಮಗನ ಕೈಯಿಂದ ನಾನು ಇದುವರೆಗೆ ಒಂದೇ ಒಂದು ವಸ್ತುವನ್ನೂ ತೆಗೆದುಕೊಂಡವನಲ್ಲ. ಕ್ಯಾಚ್ ಹಿಡಿದವನು! ವ್ಯಾನಿನ ಬೀಗದಕೈ ಕೇಳಿದರೆ ಅದು ಮಹಡಿಯ ಮೇಲಿಂದ ಹಾರಿ ಬರುತ್ತದೆ. ಟವೆಲ್ಲು ಕೇಳಿದರೆ ಬಂದು ಮುಖಕ್ಕೇ ಸುತ್ತಿಕೊಳ್ಳುತ್ತದೆ. ಅಮೆರಿಕದ ನೆತ್ತಿಯ ಮೇಲಿರುವ ಈ ದೇಶದಲ್ಲೂ ನಮ್ಮ ಕಡೆಗೆಲ್ಲ ಹಾಲು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದಲ್ಲ, ಅಂಥ ತುಂಬಿದ ಚೀಲವೊಂದನ್ನು ಅವನು ಫ್ರಿಜ್ಜಿನ ಹತ್ತಿರದಿಂದ ಒಲೆಯ ಹತ್ತಿರ ನಿಂತಿದ್ದ ನನಗೆ ಎಸೆದ. ನಾನು ಕೈ ಚಾಚದೆ ಇದ್ದಿದ್ದರೆ ಜಾರ್ಜ್‌ಟೌನಿನ ನಮ್ಮ ಮನೆಗೆ ಎರಡನೇ ಸಲ ಗೃಹಪ್ರವೇಶವಾಗುತ್ತಿತ್ತು!

ಎಸೆಯುವುದೂ ಎಡಗೈಯಲ್ಲೇ. ಬಲಗೈ ಜೇಬಿನಲ್ಲಿ ಜಮೀನ್ದಾರನ ಹಾಗೆ ಕೂತಿರುತ್ತದೆ.

ಇದಕ್ಕೆ ಅವನನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ನಮ್ಮವ್ವನನ್ನು. ಅಕ್ಕನ ಬಾಣಂತನಕ್ಕೆಂದು ಮದ್ದೂರಿನಿಂದ ಬಂದ ಅವ್ವ, ಕೂಸು ಗಿಲಕಿಯನ್ನು ಎಡಗೈಯಲ್ಲಿ ಹಿಡಿದದ್ದು ಕಂಡು ಎದೆ ಹಿಡಿದುಕೊಂಡಳು. "ಅಯ್ಯೋ, ಎಡಚ ಕಣೇ!" ಅಂದಿನಿಂದ ಅವ್ವ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಚಮಚ ಬಲಗೈಗೆ, ಪೆನ್ಸಿಲು ಬಲಗೈಗೆ, ಪ್ರಸಾದ ಬಲಗೈಗೆ. ಮಗು ಅಳುತ್ತ ಕೇಳಿತು, "ಅಜ್ಜಿ, ದೆನ್ ಈ ಕೈ ಯಾಕೆ ಇದೆ?"

ಅವ್ವ ಯೋಚನೆ ಮಾಡಿ ಹೇಳಿದಳು, "ಕಸ ಎಸೆಯಕ್ಕೆ ಕಣ್ಲಾ ಮಗ. ಅದಕ್ ಮಾತ್ರ."

ಒಂದು ಕೈಗೆ ಒಂದೇ ಕೆಲಸ ಕೊಟ್ಟರೆ ಆ ಕೈ ಸುಮ್ಮನಿರುತ್ತದೆಯೆ? ಬಾಳೆಹಣ್ಣಿನ ಸಿಪ್ಪೆ, ಚಾಕೊಲೇಟ್ ಕಾಗದ, ಭಾವನ ಹರಿದ ಕಾಲುಚೀಲ, ಎಲ್ಲವೂ ಸೋಫಾದಿಂದ ಹೊರಟು, ನನ್ನ ನೆತ್ತಿಯ ಮೇಲೆ ಹಾದು, ಅಡುಗೆಮನೆಯ ಬುಟ್ಟಿಯೊಳಗೆ ಬೀಳತೊಡಗಿದವು. ಕಸವಿಲ್ಲದ ದಿನ ಒಳ್ಳೆಯ ವಸ್ತುಗಳನ್ನೇ ಕಸ ಮಾಡಿಕೊಂಡು ಎಸೆಯುತ್ತಿದ್ದ. ಹುಡುಗನ ಎಡಗೈ ಚಾಳಿ ಬಿಡಿಸಿದೆನೆಂಬ ಸಮಾಧಾನದಿಂದ ಅವ್ವ ವಿಮಾನ ಹತ್ತಿದಳು. ಹೀಗೆ ನಮ್ಮ ವಂಶದಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ತಯಾರಾದ. ಹಾಗೆಂದರೇನೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ!

ಈಗ ನನಗೆ ಗೊತ್ತು, ಹೇಳುತ್ತೇನೆ. ಮದುವೆಮನೆಯ ಉಗ್ರಾಣದ ಯಜಮಾನನನ್ನು ನೋಡಿದ್ದೀರಲ್ಲ? ಸಾಮಾನೆಲ್ಲ ಮೊದಲು ಅವನ ಕೈಗೆ ಬರಬೇಕು, ಯಾವ ಪಂಕ್ತಿಗೆ ಏನು ಹೋಗಬೇಕೆಂದು ಅವನೇ ಹೇಳಬೇಕು, ಎಡವಟ್ಟಾದರೆ ಎರಡೂ ಕಡೆಯ ಬೀಗರು ಅವನನ್ನೇ ಬೈಯಬೇಕು. ಫುಟ್‌ಬಾಲ್ ಎಂದು ಹೆಸರಿಟ್ಟು ಇಲ್ಲಿಯವರು ಕೈಯಲ್ಲಿ ಆಡುವ ಆಟವೊಂದಿದೆ, ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಅದೇ. ಚೆಂಡು ಮೊದಲು ಅವನ ಕೈಗೆ ಬರುತ್ತದೆ, ಓಡುತ್ತಿರುವ ಯಾರಿಗಾದರೂ ಅವನು ಅದನ್ನು ಎಸೆಯಬೇಕು. ವ್ಯತ್ಯಾಸವೆಂದರೆ ಇಲ್ಲಿ ಬೀಗರು ಬೈಯುವುದಿಲ್ಲ, ಮೇಲೆ ಬಿದ್ದು ಕೆಡವುತ್ತಾರೆ.

2015ರಲ್ಲಿ ಅವನು ಇಲ್ಲಿಯ ಒಂದು ಯೂನಿವರ್ಸಿಟಿಯ ತಂಡದಲ್ಲಿದ್ದ. ಮೊದಲ ಸಲ ನೋಡಲು ಹೋದಾಗ ನಾನು ಕೆಲಸದಿಂದ ನೇರವಾಗಿ ಹೋಗಿದ್ದೆ, ಮೈಯೆಲ್ಲ ಸುಣ್ಣ. ನನ್ನದು ಡ್ರೈವಾಲ್ ಕೆಲಸ. ಹೊಸ ಮನೆಗಳಿಗೆ ಒಳಗೋಡೆಯ ತೆಳು ಜಿಪ್ಸಮ್ ಹಲಗೆ ಹೊಡೆದು, ಸಂದಿಗೆ ಪುಟ್ಟಿ ಬಳಿದು ಕನ್ನಡಿಯ ಹಾಗೆ ಮಾಡುವುದು. ಅರೋರಾದಲ್ಲಿ ಬೀದಿಗೆ ಬೀದಿಯೇ ನನ್ನ ಗೋಡೆಗಳಿವೆ, ಒಂದರಲ್ಲಿ ಸಂದಿ ತೋರಿಸಿ ನೋಡೋಣ! ಇರಲಿ. ಆಟ ಶುರುವಾಯಿತು. ಮೂವರು ದಾಂಡಿಗರು ನಮ್ಮ ಹುಡುಗನ ಮೇಲೆ ಒಟ್ಟಿಗೆ ಬಿದ್ದರು. ನಾನು ಮೆಟ್ಟಿಲಿಳಿದು ಬೇಲಿ ಹತ್ತಿಯೇಬಿಟ್ಟೆ. ಕಾವಲಿನವನು ಬಂದು ಮೃದುವಾಗಿ ಹಿಡಿದುಕೊಂಡ.

"ಸರ್, ಇಟ್ಸ್ ಪಾರ್ಟ್ ಆಫ್ ದ ಗೇಮ್."

"ಇನ್ ಮೈ ವಿಲೇಜ್," ಅಂದೆ, "ಇಟ್ಸ್ ಪೊಲೀಸ್ ಕೇಸ್."

ಕೆಳಗೆ ಬಿದ್ದಿದ್ದವನು ಎದ್ದು, ಹೆಲ್ಮೆಟ್ಟಿನೊಳಗಿಂದಲೇ ಕೂಗಿದ, "ಮಾಮ, ಇಳೀ! ಪ್ಲೀಸ್!"

ಕಾಲೇಜು ಮುಗಿಯಿತು. ಈ ದೇಶದ ದೊಡ್ಡ ಲೀಗಿನವರು ಕ್ವಾರ್ಟರ್‌ಬ್ಯಾಕುಗಳನ್ನು ಹೆಚ್ಚಾಗಿ ಅಮೆರಿಕದಿಂದ ತರಿಸಿಕೊಳ್ಳುತ್ತಾರೆ. ಮನೆಯ ಮುಂದೆ ಮಾವಿನ ಮರವಿದ್ದೂ ಪೇಟೆಯ ಹಣ್ಣೇ ಬೇಕೆನ್ನುವವರ ಹಾಗೆ. ಯಾರೂ ಇವನನ್ನು ಕರೆಯಲಿಲ್ಲ. ಬೇಸಗೆಯೆಲ್ಲ ಫೋನು ಪಕ್ಕದಲ್ಲಿಟ್ಟುಕೊಂಡು ಕೂತ. ಆಮೇಲೆ ಯೂನಿಯನ್‌ವಿಲ್ಲಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದ. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಕಂಪನಿಯವರು ಪೂರ್ತಿ ಕೆಲಸ ಕೊಡುತ್ತೇವೆಂದೂ ಹೇಳಿದರು. ಅಲ್ಲಿ ಅವನ ಕುರ್ಚಿ ಗುಂಡಗೆ ತಿರುಗುತ್ತದೆಂದು ಅಕ್ಕ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು.

ಅಷ್ಟರಲ್ಲಿ ಗಡಿಯಾಚೆಯ ಒಂದು ಸಣ್ಣ ಊರಿನಿಂದ ಫೋನು ಬಂತು. ಅರೀನಾ ಫುಟ್‌ಬಾಲ್ ಆಡಲು ಬರುತ್ತೀಯಾ?

ಅರೀನಾ ಫುಟ್‌ಬಾಲ್ ಎಂದರೆ ಏನೆಂದುಕೊಂಡಿರಿ? ಐಸ್ ಹಾಕಿಯ ಕಟ್ಟಡದಲ್ಲಿ ಮಂಜಿನ ಮೇಲೆ ಹುಲ್ಲಿನ ಜಮಖಾನ ಹಾಸಿ, ಅರ್ಧ ಮೈದಾನದಷ್ಟು ಜಾಗದಲ್ಲಿ, ನಾಲ್ಕೂ ಕಡೆ ಸೊಂಟದೆತ್ತರದ ಮೆತ್ತೆಗೋಡೆ ನಿಲ್ಲಿಸಿ ಆಡುವ ಆಟ. ತುದಿಯಲ್ಲಿ ಬಲೆಗೆ ಬಡಿದು ಹಿಂದಕ್ಕೆ ಬಂದ ಚೆಂಡನ್ನೂ ಹಿಡಿಯಬಹುದು! ಹಜಾರದಲ್ಲಿ ಚೆಂಡಾಡಬೇಡ್ರೋ ಎಂದು ಅಮ್ಮಂದಿರಿಂದ ಬೈಸಿಕೊಂಡವರೆಲ್ಲ ದೊಡ್ಡವರಾದ ಮೇಲೆ ಸೇರಿ ಸೇಡು ತೀರಿಸಿಕೊಂಡದ್ದೇ ಈ ಆಟ ಎಂದು ನನ್ನ ಅಂದಾಜು.

ಅಂದು ಊಟದ ಮೇಜಿನಲ್ಲಿ ಮಹಾಯುದ್ಧ. ಭಾವ ಇಂಥ ಹೊತ್ತಿನಲ್ಲಿ ಉಪ್ಪಿನಕಾಯಿಯ ಪಕ್ಷ, ತಲೆ ಎತ್ತುವುದಿಲ್ಲ.

"ತಲೆಗೆ ಏಟು ಬಿದ್ದೋರನ್ನ ನಾನು ದಿನಾ ವಾರ್ಡಲ್ಲಿ ನೋಡ್ತೀನಿ," ಎಂದಳು ಅಕ್ಕ. ಅವಳು ನರ್ಸು. "ಆಟ ಆಡಿ ಯಾರ್ ಉದ್ಧಾರ ಆದ್ರು?"

"ಅಮ್ಮ, ಒನ್ ಸೀಸನ್. ಜಸ್ಟ್ ಒನ್."

"ಆಮೇಲೆ?"

"ಸೀಸನ್ ಮುಗಿಯೋದ್ರೊಳಗೆ ಮೇನ್ ಕ್ವಾರ್ಟರ್‌ಬ್ಯಾಕ್ ಆಗ್ತೀನಿ. ಆಗ್ಲಿಲ್ಲ ಅಂದ್ರೆ ಬಾಲ್ ಮುಟ್ಟಲ್ಲ. ನಿಮ್ ಚೇರಲ್ಲಿ ಕೂತ್ಕೋತೀನಿ. ಡೀಲ್?"

"ದೇವ್ರ ಮುಂದೆ ಹೇಳು."

ದೇವರ ಮುಂದೆ ಹೇಳಿದ. ಕರ್ಪೂರ ಹಚ್ಚಿಸಿಯೇ ಹೇಳಿಸಿದಳು.

ಸರಿ, ಅಭ್ಯಾಸವಾಗಬೇಕಲ್ಲ? ಹೊರಗೆ ಮೊಣಕಾಲುದ್ದ ಹಿಮ. ನಾನಿರುವುದು ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ. ಊರವರಿಗೆಲ್ಲ ಗೋಡೆ ಮಾಡಿಕೊಡುವವನ ಕೋಣೆಗೆ ಗೋಡೆಯಿರಲಿಲ್ಲ, ಬರೀ ಮರದ ಚೌಕಟ್ಟು. ಆ ಚಳಿಗಾಲ ಹೊಡೆದು ಮುಗಿಸೋಣವೆಂದು ಹಲಗೆ ತಂದಿದ್ದೆ. ಅವನು ಚೆಂಡು ಹಿಡಿದು ಇಳಿದು ಬಂದ. "ಮಾಮ, ಕ್ಯಾಚ್ ಹಿಡೀತೀಯಾ?"

ಆ ಚೆಂಡಿನ ಆಕಾರವೋ, ಎರಡೂ ತುದಿ ಚೂಪಾದ ಹಲಸಿನ ಗುಜ್ಜೆ. ಬರುವ ವೇಗವೋ, ಕೇಳಬೇಡಿ. ಮೊದಲನೆಯದು ಎದೆಗೆ ಬಡಿಯಿತು. ಎರಡನೆಯದೂ ಎದೆಗೇ.

"ಮಾಮ, ಹ್ಯಾಂಡ್ಸ್! ಕೈಯಲ್ಲಿ ಹಿಡಿ, ಎದೇಲಿ ಅಲ್ಲ!"

"ಕೈ ನಾಳೆ ಕೆಲಸಕ್ಕೆ ಬೇಕು ಕಣ್ಲಾ. ಎದೆಗೆ ರಜ ಐತೆ."

ನಾನು ಬಿಟ್ಟ ಚೆಂಡೆಲ್ಲ ಹಿಂದಿನ ಹೊಸ ಹಲಗೆಯನ್ನು ತೂರಿಕೊಂಡು ಹೋಗುತ್ತಿತ್ತು. ಸಂಜೆ ತೂತು, ಬೆಳಿಗ್ಗೆ ತೇಪೆ. ವಸಂತ ಬರುವ ಹೊತ್ತಿಗೆ ನನ್ನ ಕೋಣೆಯ ಗೋಡೆಯಲ್ಲಿ ಹಲಗೆಗಿಂತ ಪುಟ್ಟಿಯೇ ಹೆಚ್ಚಿತ್ತು. ಆದರೆ ಕೈಯಲ್ಲಿ ಹಿಡಿಯುವುದೂ ಬಂದಿತ್ತು! ಹಿಡಿದಾಗಲೆಲ್ಲ ಅವನು ಎರಡೂ ಕೈ ಎತ್ತಿ ಕೂಗುತ್ತಿದ್ದ, ನಾನೂ ಕೂಗುತ್ತಿದ್ದೆ, ಮೇಲಿನಿಂದ ಅಕ್ಕ ನೆಲ ಕುಟ್ಟುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು ನಾನು. ನನ್ನನ್ನು ಜನ ಕರೆದದ್ದೆಲ್ಲ ಗೋಡೆ ಹಾಳಾದಾಗ, ಸಾಮಾನು ಸಾಗಿಸಬೇಕಾದಾಗ, ಹಿಮ ತೋಡಬೇಕಾದಾಗ. ಆಟಕ್ಕೆ ಬಾ ಎಂದು ಕರೆದವನು ಇವನೊಬ್ಬ. ಆ ಚಳಿಗಾಲದ ಋಣ ನನ್ನ ಮೇಲೆ ಈಗಲೂ ಇದೆ.

ಅವನನ್ನು ಬಿಡಲು ನಾನೇ ವ್ಯಾನು ಓಡಿಸಿದೆ. ಗಡಿಯ ಅಧಿಕಾರಿ ಇವನ ಕಾಗದ ನೋಡಿ, ಆಟಗಾರನೆ, ಒಳ್ಳೆಯದು ಎಂದ. ನನ್ನ ಕಡೆ ತಿರುಗಿ, ನೀವೇನು ಮಾಡುತ್ತೀರಿ ಎಂದ.

"ಐ ಕ್ಯಾಚ್," ಅಂದೆ.

ಅವನು ನನ್ನ ಹೊಟ್ಟೆಯನ್ನು ಸಾವಕಾಶವಾಗಿ ನೋಡಿ, ಗೇಟು ತೆಗೆದ.

ಅಲ್ಲಿ ಆದದ್ದೇನು? ತಂಡದಲ್ಲಿ ಜಾಗ ಸಿಕ್ಕಿತು, ಆದರೆ ಎರಡನೆಯ ಕ್ವಾರ್ಟರ್‌ಬ್ಯಾಕಿನದು. ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಇವನ ಸರದಿ. ಆ ಮೊದಲನೆಯವನೋ ಗಾರೆಯ ಕಂಬ, ನೆಗಡಿಯೂ ಆಗುತ್ತಿರಲಿಲ್ಲ. ಕೆಲಸವಿಲ್ಲದ ವಾರಾಂತ್ಯಗಳಲ್ಲಿ ನಾನು ಹೋಗಿ ನೋಡಿಬರುತ್ತಿದ್ದೆ. ಹಿಂದಿರುಗಿದರೆ ಅಕ್ಕನ ವಿಚಾರಣೆ.

"ಆಡಿಸಿದ್ರಾ?"

"ನಿಂತ್ಕೊಂಡಿದ್ದ."

"ನಿಂತ್ಕೊಳ್ಳಕ್ಕೆ ದೇಶ ಬಿಟ್ಟು ಹೋಗ್ಬೇಕಾ? ಇಲ್ಲೇ ಬಸ್ ಸ್ಟಾಪಲ್ಲಿ ನಿಂತ್ಕೋಬಹುದಿತ್ತು."

ನಿಂತವನು ಸುಮ್ಮನೆ ನಿಂತಿರಲಿಲ್ಲ. ಎದುರಾಳಿಗಳಿಗೆ ತಿಳಿಯದಂತೆ ಚೆಂಡಿನ ದಾರಿ ಕೂಗಿ ಹೇಳಲು ತಂಡಕ್ಕೆ ಗುಟ್ಟಿನ ಹೆಸರುಗಳು ಬೇಕಿದ್ದವು. ಇವನು ನಮ್ಮ ಅಡುಗೆಮನೆಯನ್ನೇ ಕೊಟ್ಟುಬಿಟ್ಟಿದ್ದ! ಬೇರೇನೂ ಸಾಧ್ಯವಿಲ್ಲ, ಹತ್ತಿರ ಇದ್ದವನಿಗೆ ಚೆಂಡು ಕೊಡು ಎಂದರೆ "ಉಪ್ಪಿಟ್ಟು". ಕ್ಷಣದಲ್ಲಿ ಸಿಡಿಯಬೇಕಾದದ್ದು "ಒಗ್ಗರಣೆ". ಮೈದಾನದ ಆ ತುದಿಗೆ ಉದ್ದಕ್ಕೆ ಎಸೆಯುವುದು, ವರ್ಷಕ್ಕೊಮ್ಮೆ ಆಗುವಂಥದ್ದು, "ಹೋಳಿಗೆ". ಬಾಗಿಲಿನಷ್ಟು ಅಗಲದ ಅಮೆರಿಕನ್ ಹುಡುಗರು "ಓಲೀಗೇ! ಓಲೀಗೇ!" ಎನ್ನುವುದನ್ನು ಕೇಳಿ ನನಗೆ ಹಬ್ಬದ ಹಸಿವಾಯಿತು. ಬದಲಿಗೆ ಸಿಕ್ಕಿದ್ದು ಹಾಟ್‌ಡಾಗು.

ಸೀಸನ್ನಿನ ಕೊನೆಯ ಆಟ ಒಂದು ಭಾನುವಾರ ಮಧ್ಯಾಹ್ನ. ಅಷ್ಟರವರೆಗೂ ಅವನು ನಿಂತೇ ಇದ್ದ. ಅಂದು ಅಕ್ಕ ಮೊದಲ ಬಾರಿ ಬಂದಳು. ಆಟ ನೋಡಲಲ್ಲ, ಮಗನನ್ನು ಗಂಟುಮೂಟೆ ಸಮೇತ ಕರೆದುಕೊಂಡು ಹೋಗಲು. ಬರುವ ವಾರ ಯೂನಿಯನ್‌ವಿಲ್ಲಿನ ಕುರ್ಚಿ. ಅವನು ನಮಗೆ ಗೋಡೆಗೆ ಅಂಟಿದ ಮೊದಲ ಸಾಲನ್ನೇ ಕೊಡಿಸಿದ್ದ. ನಾನು ಮೆತ್ತೆಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಹೊಲಿಗೆ ಸೊಟ್ಟ. ಅಕ್ಕ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು.

ಅರ್ಧ ಆಟ ಕಳೆದಿತ್ತು. ಗಾರೆಯ ಕಂಬದ ಕಾಲು ಉಳುಕಿತು. ಅಯ್ಯೋ ಪಾಪ ಎನ್ನಬೇಕಾದವನು ನಾನು, ಎದ್ದು ನಿಂತು ಚಪ್ಪಾಳೆ ಹೊಡೆದುಬಿಟ್ಟೆ. ಸುತ್ತಲಿನವರು ತಿರುಗಿ ನೋಡಿದರು.

ನಮ್ಮ ಹುಡುಗ ಒಳಗೆ ಹೋದ. "ಉಪ್ಪಿಟ್ಟು!" ಚೆಂಡು ಮುಟ್ಟಿತು. "ಒಗ್ಗರಣೆ!" ಅದೂ ಮುಟ್ಟಿತು. ಅಕ್ಕ ನನ್ನ ಕಿವಿಯಲ್ಲಿ, "ಏನ್ಲಾ ಇವ್ನು, ಮರ್ಯಾದೆ ಇಲ್ದೆ ಅಡುಗೆ ಹೆಸರೆಲ್ಲ ಕೂಗ್ತಾವ್ನೆ?" ಎಂದಳು. ಮೂರನೆಯ ಸಲ ಎಸೆಯಲು ಯಾರೂ ಸಿಗದೆ ತಾನೇ ಚೆಂಡು ಹಿಡಿದು ನಮ್ಮ ಕಡೆಗೆ ಓಡಿ ಬಂದ. ಹಿಂದಿನಿಂದ ಇಬ್ಬರು ಗುದ್ದಿದರು. ಅವನು ಗೋಡೆಯ ಮೇಲಿಂದ ಪಲ್ಟಿ ಹೊಡೆದು, ಹೆಲ್ಮೆಟ್ಟು, ಭುಜಕವಚ, ಚೆಂಡು ಎಲ್ಲದರ ಸಮೇತ ಅಕ್ಕನ ಮಡಿಲಿಗೆ ಬಿದ್ದ! ಚಿತ್ರಾನ್ನ ಮೂರು ಸಾಲಿಗೆ ಬಡಿಸಿದಂತಾಯಿತು.

ಇಡೀ ಕಟ್ಟಡ ಉಸಿರು ಹಿಡಿಯಿತು. ಅಕ್ಕ ಮಾತ್ರ ವಾರ್ಡಿನಲ್ಲಿದ್ದ ಹಾಗೆ ಅವನ ಗದ್ದ ಹಿಡಿದು, ಫೋನಿನ ಬೆಳಕನ್ನು ಕಣ್ಣಿಗೆ ಬಿಟ್ಟಳು.

"ಎಷ್ಟು ಬೆರಳು?"

"ತ್ರೀ."

"ಕನ್ನಡದಲ್ಲಿ ಹೇಳು."

"ಮೂರು, ಅಮ್ಮ."

"ಬೆಳಿಗ್ಗೆ ಏನ್ ತಿಂದೆ?"

"ಪ್ರೋಟೀನ್ ಬಾರ್."

"ಅದೊಂದ್ ತಿಂಡಿನಾ?" ಕೊರಳು, ಭುಜ ಮುಟ್ಟಿ ನೋಡಿದಳು. ಹೆಲ್ಮೆಟ್ಟಿನ ಸಂದಿಯಿಂದ ಒಂದು ಕಡಲೆಬೀಜ ತೆಗೆದಳು. ಅವನು ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಹೊರಡು, ಮನೆಗೆ ಹೋಗೋಣ ಎನ್ನುತ್ತಾಳೆಂದು ನಾನೂ ಕಾದೆ. ಅವಳು ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. "ಇನ್ನೂ ಕೂತಿದೀಯಲ್ಲ? ಎಲ್ಲಾ ಕಾಯ್ತಾವ್ರೆ. ಎದ್ದೋಗು!"

ಜನ ಕೂಗಿದ ಕೂಗಿಗೆ ಜಮಖಾನದ ಕೆಳಗಿನ ಮಂಜು ಕರಗಿರಬೇಕು. ಅವನು ಗೋಡೆ ಹಾರಿ ಹೋಗಿ, "ಹೋಳಿಗೆ!" ಎಂದ. ಆ ತುದಿಯಲ್ಲಿ ಚೆಂಡು ಬಲೆಗೆ ಬಡಿದು ಹಿಂದಕ್ಕೆ ಬಂತು, ನಮ್ಮವನೊಬ್ಬ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡ.

ಆದರೂ ಸೋತರು. ಇಂಥ ಕಡೆ ಗೆಲ್ಲುವುದು ಬೇರೆಯವರ ಅಳಿಯಂದಿರು.

ಆಟ ಮುಗಿದ ಮೇಲೆ ಅವನು ಸ್ನಾನ ಮಾಡಿ ಬಂದು, ಬ್ಯಾಗುಗಳನ್ನು ವ್ಯಾನಿಗೆ ತುಂಬಿದ. ಬಾಗಿಲು ಹಾಕಿ, "ಓಕೆ ಅಮ್ಮ. ಅರ್ಧ ಗೇಮ್ ಆಡಿದ್ರೆ ಮೇನ್ ಆಗಲ್ಲ. ಡೀಲ್ ಈಸ್ ಡೀಲ್. ನಾಳೆ ಆಫೀಸಿಗೆ ಫೋನ್ ಮಾಡ್ತೀನಿ," ಎಂದ.

ಅಕ್ಕ ನನ್ನನ್ನು ಕೇಳಿದಳು, "ನೀನು ಕೆಳಗೆ ಇವ್ನ ಜೊತೆ ಆಡುವಾಗ ಕೂಗ್ತಿದ್ದೆಯಲ್ಲ, ಅದ್ಯಾಕ್ಲಾ?"

"ಸುಮ್ನೆ. ಖುಷಿಗೆ."

"ನೀನು ಹಾಗೆ ಕೂಗಿದ್ದು ಅಲ್ಲೀವರ್ಗೂ ನಾನು ಕೇಳೇ ಇರ್ಲಿಲ್ಲ." ಆಮೇಲೆ ಮಗನ ಕಡೆ ತಿರುಗಿದಳು. "ಮನೇಲಿ ಒಬ್ಬರನ್ನೇ ಓದ್ಸೋಕಾಗೋದು ಅಂತ ನನ್ನ ಓದ್ಸಿ, ಇವನ ಕೈಗೆ ಕರಣೆ ಕೊಟ್ರು. ಆಗ ಆಡೋ ವಯಸ್ಸು ಕಣೋ ಇವಂದು. ಬೀದೀಲಿ ಹುಡುಗ್ರು ಕರೆದ್ರೂ ತಿರುಗಿ ನೋಡ್ದೆ ಕೆಲಸಕ್ಕೆ ಹೋಗೋನು. ನಮ್ಮನೇಲಿ ಒಬ್ಬನ ಆಟ ನಿಲ್ಸಿದ್ದು ಸಾಕು. ಬ್ಯಾಗ್ ಇಳಿಸು."

"ಅಮ್ಮ, ದೇವ್ರ ಮುಂದೆ..."

"ದೇವ್ರಿಗೆ ನಾನ್ ಹೇಳ್ಕೋತೀನಿ. ಇಳಿಸು ಅಂದೆ."

ಅವನು ಒಂದೊಂದಾಗಿ ಇಳಿಸಿದ. ಮುಂದಿನ ಎರಡು ಸೀಸನ್ ಅವನು ಅಲ್ಲೇ ಆಡಿದ, ಮೊದಲನೆಯವನಾಗಿಯೇ ಆಡಿದ. ಆ ಕಥೆಯನ್ನು ಅವನೇ ಬೇಕಾದಷ್ಟು ಹೇಳುತ್ತಾನೆ.

ನನಗೆ ನೆನಪಿರುವುದು ಆ ಸಂಜೆ ಹಿಂದಿರುಗಿದ ದಾರಿ. ಅಕ್ಕ ಮುಂದಿನ ಸೀಟಿನಲ್ಲಿ ಕೂತು ನನ್ನ ತೋಳು ಹಿಡಿದುಕೊಂಡವಳು ಗಡಿಯ ಸೇತುವೆ ಬಂದರೂ ಬಿಡಲಿಲ್ಲ. ಬಿಡು ಎನ್ನಲು ನನಗೂ ಮನಸ್ಸಾಗಲಿಲ್ಲ. ಜಾರ್ಜ್‌ಟೌನಿನವರೆಗೂ ಒಂದೇ ಕೈಯಲ್ಲಿ ವ್ಯಾನು ಓಡಿಸಿಕೊಂಡು ಬಂದೆ.