ಗೋಪಮ್ಮನ ಕರೆಂಟು

ಪಕೀರಪ್ಪ ಟೀವಿ ತಂದದ್ದು ತಪ್ಪಲ್ಲ. ತಂದ ಮೇಲೆ ಬಾಗಿಲು ತೆರೆದಿಟ್ಟ ನೋಡಿ, ಅದು ತಪ್ಪು.

ಅವನು ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ತೂಗುವ ಗುಮಾಸ್ತ. ಎಂಬತ್ತಾರನೇ ಇಸವಿಯಲ್ಲಿ ರಾಯಚೂರಿನಿಂದ ಕಪ್ಪು ಬಿಳುಪಿನ ಟೀವಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೊಸ ಮದುಮಗಳನ್ನು ಕರೆತಂದಂತೆ ತಂದ. ಮಾಳಿಗೆಯ ಮೇಲೆ ಉದ್ದನೆಯ ಬಿದಿರು ನಿಲ್ಲಿಸಿ ಆಂಟೆನಾ ಕಟ್ಟಿದ. ಆ ಬಿದಿರು ಕಂಡಿದ್ದೇ ತಡ, ಭಾನುವಾರ ಸಂಜೆ ಪಿಚ್ಚರ್ ನೋಡಲು ಇಡೀ ಓಣಿಯೇ ಬಂದು ಕೂತಿತು. ಬಂದವರು ಸುಮ್ಮನೆ ಕೂರುತ್ತಾರೆಯೇ? ಸೆಕೆ ಅಂತ ಫ್ಯಾನು ಹಾಕಿಸಿದರು. ಚಪ್ಪಲಿ ಕಾಣುವುದಿಲ್ಲ ಅಂತ ಹೊರಗಿನ ಬಲ್ಬು ಹಚ್ಚಿಸಿದರು. ತಿಂಗಳ ಕೊನೆಗೆ ಬಂದ ಕರೆಂಟಿನ ಬಿಲ್ಲು ನೋಡಿ ಪಕೀರಪ್ಪನ ಹೆಂಡತಿ ಮಾನಮ್ಮ ಮರುದಿನ ಬೆಳಿಗ್ಗೆ ಹಾಲಿಲ್ಲದ ಚಹಾ ತಂದಿಟ್ಟಳು.

"ಇದೇನಬೇ, ಗಾಡಿ ಕೀಲೆಣ್ಣಿ ಇದ್ದಂಗದ?"

"ಹಾಲಿನ ರೊಕ್ಕ ಬಿಲ್ಲಿಗೆ ಹೋತು. ಮುಂದಿನ ಸಲನೂ ಹಿಂಗ ಬಂದ್ರ ಸಕ್ರಿ ಬಂದ್. ಅದರ ಮುಂದಿನ ಸಲ ಬರೇ ಬಿಸಿನೀರು."

"ಜನಕ್ಕ ಬರಬ್ಯಾಡ್ರಿ ಅಂತ ಹೇಳು ಮತ್ತ."

"ಟೀವಿ ತಂದಾಂವ ನೀನು. ನೀನ ಹೇಳು."

ಹೇಳುವುದು ಹೇಗೆ? ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ, ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ಮನೆ ಮಾಲಕಿ ವೀರಭದ್ರಮ್ಮ. ಅವಳನ್ನು ಎಬ್ಬಿಸಿದರೆ ಇವನು ಮನೆಯಿಂದಲೇ ಏಳಬೇಕು. ಅವಳೊಬ್ಬಳನ್ನು ಕೂರಿಸಿ ಉಳಿದವರನ್ನು ಕಳಿಸಿದರೆ ಓಣಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಕರಿ ಚಹಾ ಕುಡಿಯುತ್ತಲೇ ಪಕೀರಪ್ಪ ಒಂದು ಉಪಾಯ ಹೂಡಿದ.

ಅಂದು ಭಾನುವಾರ. ಸಂಜೆ ಪಿಚ್ಚರ್ ಶುರುವಾಗಿ ಜನ ಹದವಾಗಿ ಕೂತ ಮೇಲೆ ಅವನು ಮೆಲ್ಲಗೆ ಅಡುಗೆ ಮನೆಗೆ ಹೋದ. ಅಲ್ಲಿ ಗೋಡೆಯ ಮೇಲಿದ್ದ ಮೀಟರಿನ ಕೆಳಗಿನ ಬಿಳಿ ಫ್ಯೂಜನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಟೀವಿಯ ಹೀರೋ ಸಾಸಿವೆಯಷ್ಟಾಗಿ ಮಾಯವಾದ. ಫ್ಯಾನು ಮುದುಕನಂತೆ ಕೆಮ್ಮಿ ನಿಂತಿತು.

"ಅಯ್ಯಯ್ಯೋ, ಕರೆಂಟು ಹೋತಲ್ರೀ!" ಎಂದು ಪಕೀರಪ್ಪ ಹೊರಗೆ ಬಂದ. "ಇವತ್ತೇನು ಬರಂಗ ಕಾಣವಲ್ದು. ನಡೀರಿ, ಮನಿಗೆ ಹೋಗಿ ಉಣ್ರಿ."

ಗೋಡೆಯ ಆಚೆಯ ಭಾಗದಲ್ಲಿ ಬಾಡಿಗೆಗಿದ್ದ ಗೋಪಮ್ಮ ಚಾಪೆಯ ಮೇಲೆ ಕೂತಲ್ಲೇ ಕಿವಿಗೊಟ್ಟು ಆಲಿಸಿದಳು. "ನಮ್ಮನ್ಯಾಗ ರೇಡಿಯೋ ಹಾಡಾಕತ್ತದಲ್ಲ! ಕರೆಂಟೆಲ್ಲಿ ಹೋಗ್ಯಾದ?"

"ಹಂಗಾರ ಫ್ಯೂಜ್ ಹೋಗಿರಬೇಕು," ಎಂದು ಮೌನಪ್ಪ ಎದ್ದ. ಅವನು ಪಂಪ್‌ಸೆಟ್ ಮೋಟರು ರಿಪೇರಿ ಮಾಡುವವನು. "ಅತ್ಲಾಗ ಸರಿ ಪಕೀರಣ್ಣ, ಒಂದು ನಿಮಿಷದ ಕೆಲಸ."

ಪಕೀರಪ್ಪ ಅಡುಗೆ ಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತ. "ಒಳಗ ಹೋಗಬ್ಯಾಡೋ! ಶಾಕ್ ಹೊಡೀತದ. ನನಗ ಈಗ ಹೊಡೀತು!"

"ಎಲ್ಲಿ ಹೊಡೀತು?"

"ಎಲ್ಲಾ ಕಡಿ!"

ಅಲ್ಲಿಗೆ ಪಿಚ್ಚರ್ ಮರೆತೇ ಹೋಯಿತು. ಇಬ್ಬರು ಅವನನ್ನು ಎತ್ತಿ ಚಾಪೆಯ ಮೇಲೆ ಕೆಡವಿದರು. ಒಬ್ಬ ಅಂಗಾಲು ತಿಕ್ಕಿದ. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ವೀರಭದ್ರಮ್ಮ ಕುರ್ಚಿ ಬಿಟ್ಟೇಳದೆ ಅಪ್ಪಣೆ ಕೊಟ್ಟಳು: "ಕರೆಂಟು ಹೊಡದಾಂವನ್ನ ಕುತಗಿ ಮಟ ಮಣ್ಣಾಗ ಹುಗೀಬೇಕು. ಮಣ್ಣು ಎಲ್ಲಾ ಎಳಕೊಂತದ. ಹಿತ್ತಲದಾಗ ತೆಗ್ಗು ತೋಡ್ರಿ!"

"ಸಲಿಕಿ ಎಲ್ಲದ ಯಕ್ಕಾ?" ಎಂದು ಮೌನಪ್ಪ ಮಾನಮ್ಮನನ್ನು ಕೇಳಿದ. ಅವಳು ತೋರಿಸಿಯೂ ಬಿಟ್ಟಳು!

ಹಿತ್ತಲಲ್ಲಿ ಸಲಿಕೆಯ ಸದ್ದು ಕೇಳಿದ್ದೇ ಪಕೀರಪ್ಪ ಚಿಗರೆಯಂತೆ ನೆಗೆದು ನಿಂತ. "ನಾ ಆರಾಮದೀನಿ! ಎಲ್ಲಾ ಇಳೀತು! ನೋಡ್ರಿ, ಕುಣೀತೀನಿ ಬೇಕಂದ್ರ!" ಕುಣಿದೂ ತೋರಿಸಿದ.

ಅವನು ಕುಣಿಯುವುದನ್ನು ನೋಡಿ ಎಲ್ಲರಿಗೂ ಮತ್ತೆ ಪಿಚ್ಚರ್ ನೆನಪಾಯಿತು. ಗೋಪಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಮ್ಮನ್ಯಾಗಿಂದ ವೈರ್ ಎಳೀರಿ. ಟೀವಿ ಅವರದಿರಲಿ, ಕರೆಂಟು ನಂದಿರಲಿ. ಒಂದ ಗ್ವಾಡಿ ಮಂದಿ, ಇಷ್ಟೂ ಆಗಬಾರದೇನು?"

ಮೌನಪ್ಪ ಗೋಡೆಯ ಮೇಲಿಂದ ವೈರು ಎಳೆದ. ಟೀವಿಗೆ ಕೊಟ್ಟ, ಫ್ಯಾನಿಗೆ ಕೊಟ್ಟ, ಕೈಗೆ ಸಿಕ್ಕಿದ್ದಕ್ಕೆಲ್ಲ ಕೊಟ್ಟ. ಹೀರೋ ಮತ್ತೆ ಬಂದ. ಜನ ಗೋಪಮ್ಮನಿಗೆ ಚಪ್ಪಾಳೆ ತಟ್ಟಿದರು.

ಮೊದಲು ಪೆಚ್ಚಾಗಿದ್ದ ಪಕೀರಪ್ಪನ ಮುಖ ನಿಧಾನಕ್ಕೆ ಅರಳಿತು. ತನ್ನ ಟೀವಿ, ಇನ್ನೊಬ್ಬರ ಖರ್ಚು! ಇಂಥ ಸುಖ ಯಾವ ಸಾಹುಕಾರನಿಗಿದೆ? ಖುಷಿ ತಡೆಯಲಾರದೆ ಅವನು ಎಲ್ಲರ ನಡುವೆ ಎದ್ದು ನಿಂತು ಕೈ ಎತ್ತಿದ. "ಕೇಳ್ರೆಪ್ಪಾ! ಗೋಪಮ್ಮಕ್ಕ ಇಷ್ಟು ದೊಡ್ಡ ಮನಸು ಮಾಡಿದ ಮ್ಯಾಲೆ ನಾ ಸಣ್ಣಾಂವ ಆಗಂಗಿಲ್ಲ. ಇನ್ನ ಮ್ಯಾಲೆ ದಿನಾ ಬರ್ರಿ! ಬರೇ ಪಿಚ್ಚರ್ ಅಲ್ಲ, ವಾರ್ತೆ, ರೈತರ ಕಾರ್ಯಕ್ರಮ, ಬಂದಿದ್ದೆಲ್ಲಾ ನೋಡ್ರಿ. ಈ ವೈರ್ ಬಿಚ್ಚಂಗಿಲ್ಲ!"

ಚಪ್ಪಾಳೆ ಈಗ ಅವನಿಗೂ ಬಿತ್ತು. ಮಾನಮ್ಮ ಕೂಡ ನಕ್ಕಳು. ತಣ್ಣಗೆ ನಿಂತ ಮೀಟರನ್ನು ಒಮ್ಮೆ ಕಣ್ತುಂಬ ನೋಡಬೇಕೆನಿಸಿ ಅವನು ಅಡುಗೆ ಮನೆಗೆ ಹೋಗಿ ಕಡ್ಡಿ ಗೀರಿದ.

ಮೀಟರಿನ ಚಕ್ರ ಬುಗುರಿಯಂತೆ ತಿರುಗುತ್ತಿತ್ತು.

ಫ್ಯೂಜು ಕಿಸೆಯಲ್ಲೇ ಇದೆ. ಕಡ್ಡಿಯನ್ನು ಹತ್ತಿರ ಹಿಡಿದ. ಮೀಟರಿನಿಂದ ಹೊರಟ ಕರೆಂಟು ಎರಡು ದಾರಿ ಹಿಡಿದಿತ್ತು. ಒಂದು ವೈರು ಅವನ ಖಾಲಿ ಫ್ಯೂಜಿನ ಮನೆಗೆ ಬಂದಿತ್ತು. ಇನ್ನೊಂದು, ಮಸಿ ಹಿಡಿದು ಗೋಡೆಯ ಬಣ್ಣವೇ ಆದದ್ದು, ತೊಲೆಯ ಸಂದಿಯಲ್ಲಿ ತೂರಿ ಗೋಪಮ್ಮನ ಮನೆಗೆ ಹೋಗಿತ್ತು. ಬೆರಳು ಸುಟ್ಟಾಗ ಕಡ್ಡಿ ಒಗೆದು, ವೀರಭದ್ರಮ್ಮನ ಕುರ್ಚಿಯ ಬಳಿ ಬಂದು ಬಗ್ಗಿ ಪಿಸುಗುಟ್ಟಿದ.

"ಯವ್ವಾ, ಗೋಪಮ್ಮಗ ಬ್ಯಾರೆ ಮೀಟರ್ ಇಲ್ಲೇನ್ರಿ?"

ವೀರಭದ್ರಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಿಂದ ಬರತದ? ಒಂದ ಮನಿ, ನಡುವ ಗ್ವಾಡಿ ಕಟ್ಟಿಸೀನಿ. ಮೀಟರ್ ನಿನ್ನ ಕಡಿ ಉಳೀತು. ಆಕಿ ಕರೆಂಟಿನ ರೊಕ್ಕ ನನಗ ಬಾಡಿಗ್ಯಾಗ ಬರತದ, ಬಿಲ್ಲು ನಿನಗ. ಸರಿಬೀಳಲಿಲ್ಲಂದ್ರ ಬ್ಯಾರೆ ಮನಿ ನೋಡಿಕೊ. ಈಗ ಸರಿ ಅತ್ಲಾಗ, ಹೀರೋ ಕಾಣವಲ್ಲ."

ಪಕೀರಪ್ಪ ಸರಿದ. ಹಿಂದಿನಿಂದ ಮೌನಪ್ಪ ಕೂಗಿದ: "ಪಕೀರಣ್ಣ, ನಾಳಿ ಎಷ್ಟೊತ್ತಿಗೆ ಬರೋಣು?"

ಅವನು ಕಿಸೆಯಲ್ಲಿದ್ದ ಫ್ಯೂಜನ್ನು ತಡವಿದ. ಗೋಪಮ್ಮನೇ ಧಾರಾಳವಾಗಿ ಹೇಳಿದಳು:

"ಯಾವಾಗರ ಬರ್ರೆಪ್ಪಾ, ಅವನ್ನೇನು ಕೇಳ್ತೀರಿ? ಕರೆಂಟು ನಂದಲ್ಲೇನು!"