ಮಾವನ ಪಿಸ್ತೂಲಿಗೆ ಹರಳೆಣ್ಣೆ

ನಮ್ಮ ಸೋದರಮಾವ ಸಿರುಗುಪ್ಪದಲ್ಲಿ ಪಿಸ್ತೂಲು ಇಟ್ಟುಕೊಂಡಿದ್ದ ಶೂರರು. ಆ ಪಿಸ್ತೂಲಿಗೆ ಹೆದರದವರು ಓಣಿಯಲ್ಲೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವರು ಮಾತ್ರ ಮಾವನೇ!

ಅದು ಕುರುಗೋಡಿನಲ್ಲಿ ತೀರಿಕೊಂಡ ಅವರ ಗೆಳೆಯರದು. ಲೈಸೆನ್ಸು ಮಾಡಿಸಿಕೊಂಡು ತರಲು ಹೋದಾಗ ಆ ಮನೆಯ ಮುದುಕಿ, "ತಗೊಂಡು ಹೋಗ್ರಿ. ಸಾಯೋ ಮುಂದ ನಮ್ಮ ಯಜಮಾನ್ರು ಬಾಯಾಗಿನ ಗಂಜಿ ನುಂಗಲಿಲ್ಲ, ಉಗುಳಲಿಲ್ಲ. ಅವತ್ತಿಂದ ಇದಕ್ಕೂ ಅದೇ ರೋಗ," ಎಂದರಂತೆ. ಇಷ್ಟು ಕೇಳಿದ ಮೇಲೂ ಯಾರಾದರೂ ತರುತ್ತಾರೆಯೇ? ಮಾವ ತಂದರು. ಹೊಳೆಯಾಚೆ ನಿಜಾಮರ ಸೀಮೆಯಲ್ಲಿ ಆಗ ಗಲಾಟೆ. ಒಬ್ಬಳೇ ಮಗಳನ್ನು ಕೊಟ್ಟಿದ್ದು ಆಚೆ ದಡದ ಊರಿಗೆ. ಗಲಾಟೆ ಈಚೆಗೂ ಬಂದರೆ ಎಂಬ ದಿಗಿಲು ಅವರಿಗೆ.

ಮುದುಕಿ ಹೇಳಿದ್ದು ನಿಜ. ಗುಂಡು ಅರ್ಧ ಒಳಗೆ ಹೋಗಿ ನಿಲ್ಲುತ್ತಿತ್ತು. ಅಪ್ಪಿತಪ್ಪಿ ಹಾರಿದರೆ ಖಾಲಿ ತೋಟಾ ಹೊರಬೀಳದೆ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅತ್ತೆ ನೋಡಿ, "ಹೊಟ್ಟಿ ಕಟ್ಟೈತಿ," ಎಂದು ಹರಳೆಣ್ಣೆ ಹೊಯ್ದರು. ಮನೆಯಲ್ಲಿ ಯಾರಿಗೆ ಏನಾದರೂ ಅವರದು ಅದೊಂದೇ ಔಷಧ.

ಎಣ್ಣೆ ಕುಡಿದ ಮೇಲೆ ಹೊಸ ರೋಗ ಶುರುವಾಯಿತು. ಅರ್ಧ ಬಾಯಿ ತೆರೆದಂತೆಯೇ ಟ್ರಂಕಿನಲ್ಲಿಟ್ಟ ಬರಿದಾದ ಪಿಸ್ತೂಲು, ಯಾರೂ ಮುಟ್ಟದೆ, ಮುಸ್ಸಂಜೆಯಲ್ಲಿ 'ಖಟ್' ಎನ್ನುವುದು. "ಈಗ ನುಂಗಿದ್ರು ನೋಡ್ರಿ," ಎನ್ನುತ್ತಿದ್ದರು ಅತ್ತೆ, ತೀರಿಕೊಂಡವರಿಗೆ ಬಹುವಚನ ತಪ್ಪಿಸದೆ. ರಜೆಗೆಂದು ಹೋದ ನಾನು ತುತ್ತು ಕೈಯಲ್ಲೇ ಹಿಡಿದು ಕೂತುಬಿಡುತ್ತಿದ್ದೆ.

ಕೊನೆಗೆ ಬಳ್ಳಾರಿಗೆ ಒಯ್ದೆವು. ರಿಪೇರಿಯವ ನಕ್ಕ. "ದೆವ್ವ ಅಲ್ರೀ, ಜಿಡ್ಡು. ಅಂಟಿ ಹಿಡಕೊಂಡು ಸಾವಕಾಶ ಮುಚ್ಚತೈತಿ." ತೊಳೆದು, ಸ್ಪ್ರಿಂಗು ಬದಲಿಸಿ, ಖಾಲಿ ತೋಟಾ ಎಳೆಯುವ ಕೊಂಡಿಯನ್ನು ಅರದಿಂದ ಉಜ್ಜಿ ಕೊಟ್ಟ. ಹಿತ್ತಲಲ್ಲಿ ಪರೀಕ್ಷೆ ನಡೆಯಿತು. ಪಿಸ್ತೂಲು ಸಲೀಸಾಗಿ ನುಂಗಿತು, ಸಲೀಸಾಗಿ ಉಗುಳಿತು. ಉಗುಳಿದ್ದು ನೇರ ಅತ್ತೆಯ ಸಾರಿನ ಗಡಿಗೆಗೆ. ಅಂದೇ ಅತ್ತೆ ಪಿಸ್ತೂಲಿಗೆ ಗುಟ್ಟಾಗಿ ಮತ್ತೆ ಹರಳೆಣ್ಣೆ ಹೊಯ್ದಿದ್ದರೆಂಬುದು ನಮಗೆ ತಿಳಿದದ್ದು ಹೊಳೆಯ ದಂಡೆಯಲ್ಲಿ.

ಗಲಾಟೆಯವರು ಹೊಳೆ ದಾಟುತ್ತಾರೆಂಬ ಸುದ್ದಿ ಕೇಳಿ ಮಾವ ಪಿಸ್ತೂಲು ಹಿಡಿದು ಅಲ್ಲಿ ಕಾವಲು ನಿಂತಿದ್ದರು, ಜೊತೆಗೆ ನಾನು. ಬೆಳಗಿನ ಮಂಜು ಕವಿದಿತ್ತು. ನೀರಿನ ಕಡೆಯಿಂದ ಕರಿ ಕಂಬಳಿ ಹೊದ್ದ ಆಕಾರವೊಂದು ಸದ್ದಿಲ್ಲದೆ ನಮ್ಮತ್ತಲೇ ಬಂತು.

"ಯಾರಲೇ ಅದು? ನಿಂದ್ರಲ್ಲೇ," ಎಂದರು ಮಾವ.

ಅದು ನಿಲ್ಲಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಮಾವ ಗುಂಡು ಒಳಗೆ ಹೋಗಲೆಂದು ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆಳೆದು ಬಿಟ್ಟು, ಗುರಿ ಹಿಡಿದು ಬೆರಳಿನಿಂದ ಕುದುರೆ ಎಳೆದರು. ಏನೂ ಆಗಲಿಲ್ಲ. ಗುಂಡು ಅರ್ಧ ಬಾಯಲ್ಲೇ ನಿಂತಿತ್ತು. ಇನ್ನೊಮ್ಮೆ ಎಳೆದರು.

"ಅಪ್ಪಾ, ನಾನು," ಎಂದಿತು ಕಂಬಳಿ.

ಗಲಾಟೆಗೆ ಹೆದರಿ ತವರಿಗೆ ಓಡಿಬಂದ ಮಗಳು. ಚಳಿಗೆ ದವಡೆ ಕಚ್ಚಿಕೊಂಡು ಬಾಯಿ ಬಿಡಲಾಗಿರಲಿಲ್ಲ. ಮಾವನ ಬೆರಳು ಸಡಿಲವಾಯಿತು. ಆಮೇಲೆ, ಆಮೇಲಷ್ಟೇ, ಪಿಸ್ತೂಲು ತಾನಾಗಿ 'ಖಟ್' ಎಂದು ನುಂಗಿತು. ಜಿಡ್ಡೇ ಇರಬಹುದು. ನನ್ನ ಮೈ ಮಾತ್ರ ಇವತ್ತಿಗೂ ನಂಬುವುದಿಲ್ಲ.

ಮಧ್ಯಾಹ್ನ ಅತ್ತೆ ಮಗಳನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು. ಮಾವ ಗುಂಡು ತೆಗೆದ ಪಿಸ್ತೂಲನ್ನು ತಂದು ಅವರ ಮುಂದೆ ಹಿಡಿದರು.

"ಇದಕ್ಕೂ ಒಂದೀಟು ಹಚ್ಚು," ಎಂದರು.