ನೆಲಕ್ಕೆ ಕಾಲೂರದ ಸೋದರಳಿಯ

ನನ್ನ ಸೋದರಳಿಯನಿಗೆ ಇಪ್ಪತ್ತೊಂದು ತುಂಬಿದರೂ ಇನ್ನೂ ನಡೆಯಲು ಬರುವುದಿಲ್ಲ! ಅಯ್ಯೋ ಪಾಪ ಎನ್ನಬೇಡಿ. ಎರಡೂ ಕಾಲು ಗಟ್ಟಿಮುಟ್ಟಾಗಿವೆ. ಮನೆಯೊಳಗೆ ಅವನು ಅವನ್ನು ನೆಲದ ಮೇಲೆ ಇಡುವುದಿಲ್ಲ, ಅಷ್ಟೇ. ಬೈಕುಲ್ಲಾದ ನಮ್ಮ ಮನೆಗೆ ಬಂದನೆಂದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸ್ಟೂಲು ಹತ್ತುತ್ತಾನೆ. ಅಲ್ಲಿಂದ ಸೋಫಾದ ಕೈ, ಸೋಫಾದಿಂದ ಮಂಚ, ಮಂಚದಿಂದ ಅಡುಗೆಕಟ್ಟೆ! ಇಷ್ಟಾದರೂ ಸದ್ದು ಒಂದಿಷ್ಟೂ ಇಲ್ಲ. ಹಾಲಿಗೆ ಬೆಕ್ಕು ಬಂತೆಂದು ನನ್ನ ಹೆಂಡತಿ ಲಟ್ಟಣಿಗೆ ಎತ್ತಿ ತಿರುಗಿದರೆ ಎದುರಿಗೆ ಇವನು. ಬೆಕ್ಕಾದರೂ ಹೆದರಿ ಓಡುತ್ತದೆ. ಇವನು "ಮಾಮಿ, ಈ ಕಟ್ಟಿ ಎಷ್ಟು ಹೈಟ್ ಅದ?" ಎಂದು ಕಿಸೆಯಿಂದ ಟೇಪು ತೆಗೆಯುತ್ತಾನೆ.

ಈ ಮಹಾಶಯ ಕಾಲೇಜಿನಲ್ಲಿ ಕಲಿಯುತ್ತಿರುವುದು ಕಂಪ್ಯೂಟರ್ ಆಟದ ವಿದ್ಯೆ. ಆಡುವುದಲ್ಲ, ಮಾಡುವುದು! ನಮ್ಮ ಕಾಲದಲ್ಲಿ ಆಟಕ್ಕೆ ಮಾಸ್ತರರು ಛಡಿ ಏಟು ಕೊಡುತ್ತಿದ್ದರು, ಈಗ ಮಾರ್ಕು ಕೊಡುತ್ತಾರಂತೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇವನು ತನ್ನದೇ ಒಂದು ಆಟ ಮಾಡುತ್ತಿದ್ದ. ಇವನ ಅಪ್ಪ, ಅಂದರೆ ನಮ್ಮ ಭಾವ, ವಿಜಯಪುರದ ಕಡೆಯಿಂದ ಬಂದು ಪರೇಲಿನಲ್ಲಿ ರಾತ್ರಿಪಾಳಿಯ ವಾಚ್‌ಮನ್ ಆದವರು. ಈಗ ಒಂದು ದೊಡ್ಡ ಟವರಿನ ಗೇಟಿನಲ್ಲಿದ್ದಾರೆ. ಅದೇ ಟವರಿನಲ್ಲಿ ಮಗನಿಗೆ ಲಿಫ್ಟ್‌ಮನ್ ಕೆಲಸ ಗೊತ್ತುಮಾಡಿದ್ದರು. ರವಿವಾರ ಆಟ ನೋಡುತ್ತೇನೆ, ಅದರ ತಲೆಬುಡ ತಿಳಿಯದಿದ್ದರೆ ಸೋಮವಾರದಿಂದ ಕಾಲೇಜು ಬಂದ್ ಎಂದು ಹೇಳಿಯೂಬಿಟ್ಟಿದ್ದರು. ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದಳು.

"ತಮ್ಮಾ, ನೀನರ ಒಮ್ಮೆ ಅದನ್ನ ನೋಡೋ. ನಿನಗ ತಿಳೀತಂದ್ರ ಅವರಿಗೆ ತಿಳಿಸಿ ಹೇಳು. ಹುಡುಗ ನೆಟ್ಟಗ ಊಟ ಮಾಡವಲ್ಲ."

ನಾನು ಫೋರ್ಟಿನ ಆಫೀಸೊಂದರ ಗುಮಾಸ್ತ. ಲೋಕಾನುಭವದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಮನೆತನದಲ್ಲಿ ಯಾರಿದ್ದಾರೆ? ಬುದ್ಧಿ ಹೇಳೋಣವೆಂದು ಮರುದಿನವೇ ಹುಡುಗನನ್ನು ನಮ್ಮ ಆಫೀಸಿನ ಪಕ್ಕದ ಉಡುಪಿ ಹೋಟೆಲಿಗೆ ಕರೆಸಿದೆ. ಜೀವನ, ಶಿಸ್ತು, ಲಿಫ್ಟಿನ ಭವಿಷ್ಯ ಎಂದು ನಾನು ಹೇಳುತ್ತಲೇ ಇದ್ದೇನೆ, ಅವನು ಎದ್ದು ಟೇಬಲಿನಿಂದ ಟೇಬಲಿಗೆ ಎಷ್ಟು ದೂರವೆಂದು ಟೇಪು ಹಿಡಿಯತೊಡಗಿದ! ಅಳೆಯುತ್ತ ಅಳೆಯುತ್ತ ಫುಟ್‌ಪಾತಿನ ಮೇಲೆ ಹಾಕಿದ್ದ ಎರಡು ಟೇಬಲುಗಳಿಗೂ ಬಂದ. ಗಲ್ಲಾದಲ್ಲಿದ್ದ ಮಾಲೀಕರು ಬೆವರಿದರು.

"ಸಾಹೇಬ್ರೇ, ಇವತ್ತೊಂದು ದಿನ ಹೊರಗೆ ಇಟ್ಟದ್ದು ಮಾರಾಯ್ರೇ! ಈಗಲೇ ಒಳಗೆ ತೆಗೀತೇವೆ!"

ಮುನ್ಸಿಪಾಲಿಟಿಯವನೆಂದು ತಿಳಿದು ಇವನಿಗೆ ಶಿರಾ ತಂದಿಟ್ಟರು. ಇವನು ತಿಂದ. ಟೇಬಲುಗಳು ಒಳಗೆ ಬಂದು ಜಾಗ ಇಕ್ಕಟ್ಟಾಗಿ, ಅಂದಿನಿಂದ ನಾನು ನಿಂತುಕೊಂಡು ಇಡ್ಲಿ ತಿನ್ನುತ್ತಿದ್ದೇನೆ!

"ಏನದನೋ ನಿನ್ನ ಆಟದಾಗ? ಬಂದೂಕ ಅದ ಏನು?" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ನಹೀ ಮಾಮಾ. ಒಂದು ಖೋಲಿ ಅದ. ಮೂರು ಮಂದಿ ಮಲ್ಕೊಂಡಾರ. ಆವಾಜ್ ಮಾಡದಂಗ ದರ್ವಾಜಾ ತನಕ ಹೋಗಬೇಕು. ಬಸ್."

"ದುಶ್ಮನ್ ಯಾರು?"

"ಯಾರೂ ಇಲ್ಲ."

ದುಶ್ಮನ್ ಇಲ್ಲದ ಆಟ! ಲ್ಯಾಪ್‌ಟಾಪ್ ಮನೆಗೆ ತಂದು ತೋರಿಸಿದ. ಯಾವುದೋ ದರಿದ್ರ ಖೋಲಿ. ಆಡುವವನು ಕಾಣುವುದಿಲ್ಲ, ಅವನ ಎರಡು ಕೈ ಮಾತ್ರ ಕಾಣುತ್ತವೆ. ನೆಲದ ಮೇಲೆ ಕಾಲಿಟ್ಟರೆ ಸದ್ದಾಗುತ್ತದೆ, ಆದ್ದರಿಂದ ಟ್ರಂಕು ಹತ್ತಿ, ಅಲ್ಲಿಂದ ಕಿಟಕಿ ಹಿಡಿದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋತು, ಅಟ್ಟದ ಅಂಚಿನಲ್ಲಿ ತೆವಳಿ ಬಾಗಿಲು ಸೇರಬೇಕು. ಅವಸರಕ್ಕೆ ಮಲಗಿದವರನ್ನು ದಾಟಿದಿರೋ, ಕೆಟ್ಟಿರಿ! ಮಲಗಿದವರನ್ನು ದಾಟಬಾರದು, ದಾಟಿದರೆ ಮರಳಿ ದಾಟಬೇಕು ಎಂದು ನಮ್ಮ ಅವ್ವ ಹೇಳುತ್ತಿದ್ದಳಲ್ಲ? ಅದನ್ನೇ ಇವನು ಕಂಪ್ಯೂಟರಿಗೆ ಕಲಿಸಿದ್ದಾನೆ. ದಾಟಿದ ಕಾಲು ತಾನಾಗಿಯೇ ಹಿಂದೆ ಹಿಂದೆ ನಡೆದು, ನೀವು ಮೊದಲು ನಿಂತಲ್ಲೇ ತಂದು ನಿಲ್ಲಿಸುತ್ತದೆ. ಇಷ್ಟು ಓದಿಸಿದ್ದು ಇದಕ್ಕೇನು?

ಮೊದಲು ನನ್ನ ಹೆಂಡತಿ ಆಡಿದಳು.

"ಇವು ಯಾರ ಕೈ? ಬಳಿ ಇಲ್ಲ ಏನಿಲ್ಲ! ಮುತ್ತೈದಿ ನಾನು, ಬೋಳ ಕೈಲೆ ಆಡಂಗಿಲ್ಲ!"

ಹುಡುಗ ಎರಡು ದಿನ ಕೂತು ಆ ಕೈಗಳಿಗೆ ಡಜನ್ ಹಸಿರು ಬಳೆ ತೊಡಿಸಿಕೊಂಡು ಬಂದ. ಇವಳು ಖುಷಿಯಿಂದ ಹಗ್ಗ ಹಿಡಿದಳು. ಬಳೆ ಖಣ್ ಎಂದವು. ಮಲಗಿದವನು ಎದ್ದ. ಆಟ ಮುಗಿಯಿತು!

"ಬಳಿ ಸಪ್ಪಳಕ್ಕ ಏಳ್ತಾನಂದ್ರ ಅಂವ ಮಲಗಿದ್ದನೋ, ನಾಟಕ ಮಾಡ್ತಿದ್ದನೋ?" ಎಂದು ಇವಳು ಸಿಟ್ಟಾದಳು. ಹನ್ನೊಂದು ಸಲ ಹಗ್ಗದಿಂದ ಬಿದ್ದ ನಾನೂ ಸಿಟ್ಟಾದೆ. ಭಾವನಿಗೆ ನೇರವಾಗಿ ಹೇಳಿಬಿಡುವುದು, ಇವನನ್ನು ಲಿಫ್ಟಿನೊಳಗೆ ಹಾಕಿ ಬಾಗಿಲು ಮುಚ್ಚಿ ಎಂದು! ನಿರ್ಧಾರ ಮಾಡಿಕೊಂಡೇ ರವಿವಾರ ಸಂಜೆ ಪರೇಲಿಗೆ, ಅಕ್ಕನ ಮನೆಗೆ ಹೋದೆ.

ಚಾಳಿನ ಆ ಖೋಲಿಗೆ ನಾನು ಎಷ್ಟು ಸಲ ಹೋಗಿಲ್ಲ? ಆದರೂ ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ಆಟದಲ್ಲಿದ್ದದ್ದು ಅದೇ ನೀಲಿ ಟ್ರಂಕು. ಅದೇ ಹಗ್ಗ, ಅದೇ ಕಿಟಕಿ. ನಾನು ದರಿದ್ರವೆಂದು ಬೈದದ್ದು ನನ್ನ ಅಕ್ಕನ ಮನೆಯನ್ನು.

ಭಾವ ಮತ್ತು ಅವರ ಊರಿನ ಇಬ್ಬರು ವಾಚ್‌ಮನ್‌ಗಳು ವರ್ಷಗಟ್ಟಲೆ ಹಗಲೆಲ್ಲ ಅಲ್ಲಿ ಸಾಲಾಗಿ ಮಲಗುತ್ತಿದ್ದರು, ಕಿಟಕಿಯ ಕೆಳಗಿನ ಜಾಗ ಭಾವನದು. ಅಕ್ಕ ನಾಲ್ಕು ಮನೆಯ ಅಡುಗೆಗೆ ಹೋಗುತ್ತಿದ್ದಳು. ಶಾಲೆ ಬಿಟ್ಟು ಬಂದ ಹುಡುಗ ಸದ್ದಿಲ್ಲದೆ ಇರಬೇಕಿತ್ತು. ಎರಡನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಅವನ ಕೈಯಿಂದ ತಾಟು ಬಿದ್ದು ಭಾವನ ನಿದ್ದೆ ಕೆಟ್ಟಿತ್ತು. ಆ ರಾತ್ರಿ ಗೇಟಿನಲ್ಲಿ ತೂಕಡಿಸಿದ್ದಕ್ಕೆ ಅವರ ಆಗಿನ ಕೆಲಸ ಹೋಯಿತು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆ ತಾಟಿನ ಕತೆಯನ್ನು ಮದುವೆ ಮುಂಜಿಗಳಲ್ಲಿ ಹೇಳಿ ನಗಿಸಿದವನೂ ನಾನೇ.

ಭಾವ ಡ್ಯೂಟಿಯ ಅಂಗಿ ಹಾಕಿಕೊಂಡೇ ಆಡಲು ಕೂತರು. ಒರಟು ಬೆರಳು, ಆದರೂ ಒಮ್ಮೆಯೂ ಬೀಳಲಿಲ್ಲ. ಬಾಗಿಲ ಹತ್ತಿರ ಹೋದವರು ಬಾಗಿಲು ತೆಗೆಯದೆ ಹಿಂದಿರುಗಿ, ಕಿಟಕಿಯ ಕೆಳಗೆ ಮುಸುಕು ಹಾಕಿ ಮಲಗಿದವನ ಹತ್ತಿರ ಬಂದು ನಿಂತರು. ಬಹಳ ಹೊತ್ತು ಅವನನ್ನೇ ನೋಡಿದರು. ಹುಡುಗ ಉಗುರು ಕಚ್ಚುತ್ತಿದ್ದ. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ಇವನ್ನ ಎಬ್ಬಸೂದು ಹ್ಯಾಂಗ?" ಎಂದರು ಭಾವ.

"ಎಬ್ಬಸಾಕ ಬರಂಗಿಲ್ಲ ಅಪ್ಪಾ. ಅಂವ ಎದ್ರ ಆಟ ಸೋತಂಗ."

ಹೇಳಬೇಕೆಂದು ತಂದಿದ್ದ ಮಾತಿಗೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಭಾವ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ.

"ಸೋತರ ಸೋಲಲಿ. ಅದನ್ನೂ ಕಲತು ಆಟಕ್ಕ ಹಚ್ಚು. ಎಷ್ಟ ದಿನ ಹಿಡೀತದ ಹಿಡೀಲಿ," ಎಂದರು. "ಎದ್ದು ಒಮ್ಮೆ ನಿನ್ನ ಕೂಡ ಎರಡು ಮಾತಾಡ್ಲಿ ಅಂವ."